ಹಳೇ ಸೈಕಲ್‌ನ ಸೀಟ್ ಬೋಲ್ಟ್ ಜಾಮ್ ಆಗಿದೆ, ಫ್ರೇಮ್ ಕೆಡದ ಹಾಗೆ ತೆಗೆಯೋದು ಹೇಗೆ?

ಅಜ್ಜನಸೈಕಲ್:

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜನ ಸೈಕಲ್ ಸಿಕ್ಕಿದೆ. ಸಿಕ್ಕಿದೆ ಅಂದರೆ ಕಳೆದೇನೂ ಹೋಗಿರಲಿಲ್ಲ, ಹಳೇ ಸಾಮಾನುಗಳ ಹಿಂದೆ ಗೋಡೆಗೆ ಒರಗಿಕೊಂಡು ನಿಂತೇ ಇತ್ತು, ನಾವ್ಯಾರೂ ಆ ಕಡೆ ತಿರುಗಿ ನೋಡಿರಲಿಲ್ಲ ಅಷ್ಟೆ. ರಾಡ್ ಬ್ರೇಕಿನ ದೊಡ್ಡ ಸೈಕಲ್, 28 ಇಂಚಿನ ಚಕ್ರ. ಹಿಂದಿನ ಹಬ್ ಸ್ಟರ್ಮಿ ಆರ್ಚರ್ ಮೂರು ಗೇರಿನದು. ಕೊಳೆ ಕೆರೆದು ನೋಡಿದರೆ ಅದರ ಮೇಲೆ 58 ಅಂತ ಒಂದು ಅಂಕಿ, ಪಕ್ಕದಲ್ಲೇ 3 ಅಂತ ಇನ್ನೊಂದು. ಏನು ಅಂತ ಗೊತ್ತಿಲ್ಲ.

ಈಗ ತೊಂದರೆ. ಸೀಟ್ ಪೈಪನ್ನು ಕಚ್ಚಿ ಹಿಡಿಯುತ್ತಲ್ಲ, ಸೀಟಿನ ಕೆಳಗೆ ಹಿಂಭಾಗದಲ್ಲಿ ಅಡ್ಡಕ್ಕೆ ಹೋಗುವ ಬೋಲ್ಟ್, ಅದು ಕಲ್ಲಾಗಿದೆ. ಒಂದು ಕಡೆ ಆರು ಮೂಲೆಯ ನಟ್ಟು, ಇನ್ನೊಂದು ಕಡೆ ಗುಮ್ಮಟದ ಹಾಗೆ ದುಂಡಗಿರುವ ತಲೆ. ಹಿಂದಿನ ಚಕ್ರದಿಂದ ಮೇಲೆ ಬರುವ ಎರಡು ಸಣ್ಣ ಪೈಪುಗಳ ತುದಿಯೂ ಇದೇ ಬೋಲ್ಟಿಗೆ ಸೇರಿಕೊಂಡಿದೆ.

ಇಲ್ಲಿಯವರೆಗೆ ಮಾಡಿದ್ದು ಇಷ್ಟು. ಡಬ್ಲ್ಯೂಡಿ-40 ಎರಡು ಸಲ ಹೊಡೆದು ಹತ್ತು ನಿಮಿಷ ಬಿಟ್ಟೆ. ನಟ್ಟಿಗೆ 13ರ ಸ್ಪ್ಯಾನರ್ ಕೂರುವುದಿಲ್ಲ, 14 ಸ್ವಲ್ಪ ಲೂಸು. 14 ಹಾಕಿ ಜೋರಾಗಿ ಎಳೆದೆ, ಜಾರಿತು, ಒಂದು ಮೂಲೆ ಸವೆದುಹೋಯಿತು, ನನ್ನ ಬೆರಳಿನ ಗೆಣ್ಣೂ ಕಿತ್ತುಹೋಯಿತು. ಆಮೇಲೆ ಲಾಕಿಂಗ್ ಪ್ಲೈಯರಿನಲ್ಲಿ ಆ ದುಂಡು ತಲೆಯನ್ನೇ ಹಿಡಿದು ತಿರುಗಿಸಿದೆ. ‘ಟಿಕ್’ ಅಂತ ಸದ್ದಾಗಿ ಕೂದಲೆಳೆಯಷ್ಟು ತಿರುಗಿತು! ಬಂತು ಅಂದುಕೊಂಡೆ, ಮತ್ತೆ ನಿಂತೇಹೋಯಿತು.

ಪೇಂಟ್ ಹಳೆಯದೇ ಇದೆ, ಕಪ್ಪು ಮೇಲೆ ಚಿನ್ನದ ಬಣ್ಣದ ಗೆರೆ. ಅದನ್ನು ಹಾಳುಮಾಡುವ ಮನಸ್ಸಿಲ್ಲ. ಮುಂದೆ ಏನು ಮಾಡಲಿ?

ಕತ್ತರಿಸಿಬಿಡಿ:

ಗ್ರೈಂಡರ್ ತಗೊಳ್ಳಿ, ನಟ್ಟು ಹಾರಿಸಿ, ಹೊಸ ಬೋಲ್ಟ್ ಹಾಕಿ. ಎರಡು ನಿಮಿಷದ ಕೆಲಸ. ಒಂದು ಬೋಲ್ಟಿಗೋಸ್ಕರ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಯಾಕೆ ಅಂತ.

ಪಾನಾಪಂಡಿತ:

ಗ್ರೈಂಡರ್ ಪಕ್ಕಕ್ಕಿಡಿ, ದಯವಿಟ್ಟು. ಆ ಜಾಗದಲ್ಲಿ ಬೋಲ್ಟಿಗೂ ಫ್ರೇಮಿನ ಕಿವಿಗೂ (ಬೋಲ್ಟ್ ತೂರಿಹೋಗುವ, ಹೊರಗೆ ಚಾಚಿದ ಎರಡು ತುಂಡುಗಳು) ನಡುವೆ ಒಂದು ವಾಷರ್ ದಪ್ಪದ ಅಂತರವೂ ಇರುವುದಿಲ್ಲ. ಡಿಸ್ಕ್ ಒಂದು ಸಲ ಹಾರಿದರೆ ಚಿನ್ನದ ಗೆರೆ ಇರಲಿ, ಕಿವಿಯೇ ಹೋಗುತ್ತದೆ. ಕಿಡಿಗಳು ಪೇಂಟಿಗೆ ಅಂಟಿಕೊಂಡು ಮಾರನೇ ದಿನ ಸಣ್ಣ ಸಣ್ಣ ತುಕ್ಕಿನ ಚುಕ್ಕೆ ಆಗುತ್ತವೆ, ಅದು ಬೇರೆ.

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ನೀವು ಕೇಳಿದ ‘ಟಿಕ್’ ಬೋಲ್ಟ್ ಬಿಟ್ಟುಕೊಂಡ ಸದ್ದಲ್ಲ. ಈ ಥರ ದುಂಡು ತಲೆಯ ಸೀಟ್ ಬೋಲ್ಟ್‌ಗಳಲ್ಲಿ ತಲೆಯ ಅಡಿಗೆ ಒಂದು ಸಣ್ಣ ಮೊಳೆ ಇರುತ್ತದೆ, ಅಕ್ಕಿಕಾಳಿನಷ್ಟು. ಅದು ಕಿವಿಯಲ್ಲಿರುವ ಕಚ್ಚಿಗೆ ಕೂತಿರುತ್ತದೆ. ನಟ್ಟು ಬಿಗಿ ಮಾಡುವಾಗ ಬೋಲ್ಟ್ ಜೊತೆಯಲ್ಲೇ ಸುತ್ತಬಾರದು ಅಂತ ಆ ಏರ್ಪಾಡು. ಅದಕ್ಕೇ ತಲೆ ದುಂಡಗಿರುವುದು, ಅಲ್ಲಿ ಸ್ಪ್ಯಾನರ್ ಹಾಕುವ ಅಗತ್ಯವೇ ಇಲ್ಲ ಅಂತ ಮಾಡಿದವರು ಹೇಳುತ್ತಿದ್ದಾರೆ. ನೀವು ತಲೆಯನ್ನು ತಿರುಗಿಸಿದಾಗ ಬಹುಶಃ ಆ ಮೊಳೆ ಮುರಿಯಿತು. ಟಾರ್ಚ್ ಹಾಕಿ ತಲೆಯ ಅಂಚಿನಲ್ಲಿ ನೋಡಿ, ಕಚ್ಚು ಕಾಣಬೇಕು.

ಬೇಜಾರು ಮಾಡಿಕೊಳ್ಳಬೇಡಿ, ಸುಮಾರು ಜನ ಮಾಡುವ ತಪ್ಪೇ ಇದು. ನಾನೂ ಮಾಡಿದ್ದೇನೆ, ಅದೂ ಬೇರೆಯವರ ಸೈಕಲ್‌ನಲ್ಲಿ.

ಇನ್ನು ಮುಂದೆ ನಟ್ಟಿನ ಕಡೆಯಿಂದ ಮಾತ್ರ ತಿರುಗಿಸಿ. ನಟ್ಟನ್ನು ಎದುರಿಗೆ ಇಟ್ಟುಕೊಂಡು ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧ. ಇದನ್ನು ಯಾಕೆ ಬಿಡಿಸಿ ಹೇಳುತ್ತಿದ್ದೇನೆ ಅಂದರೆ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿಕೊಂಡು, ಆ ಕಡೆಯಿಂದ ಬಗ್ಗಿ ನೋಡುತ್ತಾ ಕೆಲಸ ಮಾಡುವಾಗ ಎಷ್ಟೋ ಜನ ಬಿಚ್ಚುತ್ತಿದ್ದೇನೆ ಅಂತ ಬಿಗಿ ಮಾಡುತ್ತಿರುತ್ತಾರೆ. ಸೈಕಲ್‌ನಲ್ಲಿ ಉಲ್ಟಾ ಥ್ರೆಡ್ ಇರುವ ಜಾಗಗಳೂ ಇವೆ. ಎಡಗಡೆ ಪೆಡಲ್ ಉಲ್ಟಾ. ಬ್ರಿಟಿಷ್ ಮಾದರಿಯಲ್ಲಿ ಪೆಡಲ್ ಅಚ್ಚಿನ ಬಲಗಡೆ ಕಪ್ ಕೂಡ ಉಲ್ಟಾ. ಸೀಟ್ ಬೋಲ್ಟ್ ಹಾಗಲ್ಲ, ಮಾಮೂಲಿ.

ಎಣ್ಣೆ ವಿಷಯ. ಡಬ್ಲ್ಯೂಡಿ-40 ಅಂದರೆ ನೀರನ್ನು ಓಡಿಸಲು ಮಾಡಿದ್ದು. ಹೆಸರಿನ ಅರ್ಥವೂ ಅದೇ, ನೀರು ಓಡಿಸೋದರಲ್ಲಿ 40ನೇ ಪ್ರಯತ್ನ, 1953ರದ್ದು. ಸ್ವಲ್ಪ ಒಳಗೆ ಇಳಿಯುತ್ತದೆ, ಇಲ್ಲ ಅನ್ನಲ್ಲ. ಆದರೆ ಇಷ್ಟು ವರ್ಷ ಕೂತ ತುಕ್ಕಿಗೆ ಪೆನೆಟ್ರೇಟಿಂಗ್ ಆಯಿಲ್ ಅಂತಲೇ ಮಾರುವುದನ್ನು ತನ್ನಿ. ಯಾವುದೇ ಎಣ್ಣೆಯಾಗಲಿ, ಹತ್ತು ನಿಮಿಷಕ್ಕೆ ಏನೂ ಆಗಲ್ಲ. ತುಕ್ಕು ಮೂಲ ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಗೊಳ್ಳುತ್ತದೆ. ಅಂದರೆ ಆ ತೂತಿನೊಳಗೆ ಅದು ಉಬ್ಬಿ, ತನ್ನನ್ನು ತಾನೇ ಒತ್ತಿಕೊಂಡು ಕೂತಿದೆ. ಎಣ್ಣೆ ಅದರೊಳಗೆ ನುಸುಳಬೇಕಾದರೆ ದಿನಗಟ್ಟಲೆ ಬೇಕು. ಬೆಳಗ್ಗೆ ಎರಡು ಹನಿ, ರಾತ್ರಿ ಎರಡು ಹನಿ, ನಾಲ್ಕೈದು ದಿನ. ಸೈಕಲ್ಲನ್ನು ಒಂದು ದಿನ ಎಡಕ್ಕೆ ಮಲಗಿಸಿ, ಒಂದು ದಿನ ಬಲಕ್ಕೆ ಮಲಗಿಸಿ, ಎರಡೂ ಕಡೆಯಿಂದ ಇಳಿಯಲಿ. ಎರಡು ಕಿವಿಗಳ ನಡುವೆ ಸೀಳು ಇದೆಯಲ್ಲ, ಅಲ್ಲಿಗೆ ಮರೆಯದೆ ಹಾಕಿ, ಬೋಲ್ಟಿನ ನಡುಭಾಗ ಬರಿಮೈಯಲ್ಲಿ ಇರುವುದು ಅಲ್ಲೇ.

ಪ್ರತಿ ಸಲ ಎಣ್ಣೆ ಹಾಕಿದ ಮೇಲೆ ನಟ್ಟಿನ ಚಪ್ಪಟೆ ಮೈಗೆ ಸಣ್ಣ ಸುತ್ತಿಗೆಯಲ್ಲಿ ಟಕಟಕ ಅಂತ ಹತ್ತಿಪ್ಪತ್ತು ಏಟು. ಜೋರಾಗಿ ಬೇಡ, ಬಾಗಿಲು ತಟ್ಟಿದ ಹಾಗೆ. ನಟ್ಟಿನ ಒಂದು ಮೈಗೆ ಹೊಡೆಯುವಾಗ ಎದುರು ಮೈಗೆ ಇನ್ನೊಂದು ದಪ್ಪ ಕಬ್ಬಿಣ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಏಟೆಲ್ಲ ಫ್ರೇಮಿಗೆ ಹೋಗುತ್ತದೆ. ತುಕ್ಕು ಗಟ್ಟಿ, ಆದರೆ ಒಡೆಯುವ ಜಾತಿ. ಅದರುವಿಕೆಗೆ ಬಿರುಕು ಬಿಡುತ್ತದೆ, ಬಿರುಕಿಗೆ ಎಣ್ಣೆ ಇಳಿಯುತ್ತದೆ.

ಅಲ್ಲಿಯವರೆಗೆ ಸ್ಪ್ಯಾನರ್ ಮುಟ್ಟಬೇಡಿ.

ಇಂಚುಮಿಲಿಮೀಟರ್:

ಪಂಡಿತರು ಎಲ್ಲ ಹೇಳಿದರು, ಸ್ಪ್ಯಾನರ್ ಅಳತೆ ಒಂದು ಬಿಟ್ಟರು. 13 ಕೂರಲ್ಲ, 14 ಲೂಸು ಅಂದಿರಲ್ಲ, ಅದು ನಿಮ್ಮ ತಪ್ಪಲ್ಲ. ಆ ನಟ್ಟು ಮಿಲಿಮೀಟರಿನದೇ ಅಲ್ಲ, ವಿಟ್‌ವರ್ತ್ ಅಳತೆಯದು. ಹಳೇ ಬ್ರಿಟಿಷ್ ಪದ್ಧತಿ. ಅದರಲ್ಲಿ ಸ್ಪ್ಯಾನರ್ ಮೇಲೆ ಬರೆದಿರುವುದು ಬೋಲ್ಟಿನ ದಪ್ಪ, ನಟ್ಟಿನ ಅಗಲ ಅಲ್ಲ. ಅದಕ್ಕೇ ಕಾಲು ಇಂಚು ಅಂತ ಬರೆದ ವಿಟ್‌ವರ್ತ್ ಸ್ಪ್ಯಾನರ್ ನೋಡಿದರೆ ಬಾಯಿ ಅರ್ಧ ಇಂಚಿಗಿಂತ ಅಗಲ ಇರುತ್ತದೆ, 0.525 ಇಂಚು. ಮಿಲಿಮೀಟರಿನಲ್ಲಿ 13.3. ಈಗ ಅರ್ಥ ಆಯ್ತಲ್ವಾ, 13 ಯಾಕೆ ಕೂರಲಿಲ್ಲ, 14 ಯಾಕೆ ಮೂಲೆ ತಿಂದಿತು ಅಂತ.

ವರ್ನಿಯರ್ (ಮಿಲಿಮೀಟರಿನ ಸಣ್ಣ ಪಾಲನ್ನೂ ಅಳೆಯುವ ಸಾಧನ) ಇದ್ದರೆ ನಟ್ಟಿನ ಎದುರುಬದುರು ಮೈಗಳ ಅಳತೆ ತಗೊಳ್ಳಿ. 13.3ರ ಹತ್ತಿರ ಬಂದರೆ ಎರಡು ದಾರಿ. ವಿಟ್‌ವರ್ತ್ ಸ್ಪ್ಯಾನರ್ ಸಿಕ್ಕರೆ ಸರಿ. ಸಿಗದಿದ್ದರೆ ಹಳೇ 13ರ ರಿಂಗ್ ಸ್ಪ್ಯಾನರ್ ತಗೊಂಡು ಒಳಮೈಯನ್ನು ಸಣ್ಣ ಅರದಲ್ಲಿ ತೀಡಿ ತೀಡಿ, ನಟ್ಟಿನ ಮೇಲೆ ಸುತ್ತಿಗೆಯಲ್ಲಿ ಬಡಿದು ಕೂರಿಸುವಷ್ಟು ಬಿಗಿ ಮಾಡಿಕೊಳ್ಳಿ. ಕೈಯಲ್ಲಿ ಸುಲಭವಾಗಿ ಕೂತರೆ ಜಾಸ್ತಿ ತೀಡಿದಿರಿ ಅಂತ. ನನ್ನ ಹತ್ತಿರ ಹೀಗೆ ತೀಡಿದ ಒಂದು 13 ಇದೆ, ಹಿಡಿಗೆ ಕೆಂಪು ಟೇಪ್ ಸುತ್ತಿಟ್ಟಿದ್ದೇನೆ, ಹಳೇ ಸೈಕಲ್ ಬಂದರೆ ಮಾತ್ರ ಹೊರಗೆ ಬರುತ್ತದೆ.

ಬಾಯಿ ತೆರೆದ ಸ್ಪ್ಯಾನರ್ ಬೇಡವೇ ಬೇಡ. ಹನ್ನೆರಡು ಮೂಲೆಯ ರಿಂಗೂ ಬೇಡ, ಅದು ಮೂಲೆಯ ತುದಿಯನ್ನು ಮಾತ್ರ ಹಿಡಿಯುತ್ತದೆ. ಆರು ಮೂಲೆಯದು ಚಪ್ಪಟೆ ಮೈಯನ್ನು ಹಿಡಿಯುತ್ತದೆ. ನಿಮ್ಮ ನಟ್ಟಿನಲ್ಲಿ ಇನ್ನೂ ಐದು ಮೂಲೆ ಉಳಿದಿವೆ, ಜೋಪಾನ ಮಾಡಿ.

ಹಬ್ ಮೇಲಿನ 58, 3 ಅಂದರೆ 1958 ಮಾರ್ಚ್. ಸ್ಟರ್ಮಿ ಆರ್ಚರ್ ಹಬ್‌ಗಳ ಮೇಲೆ ವರ್ಷ, ತಿಂಗಳು ಒತ್ತಿರುತ್ತಾರೆ. ಹಬ್ಬೇ ಬದಲಾಗಿಲ್ಲದಿದ್ದರೆ ಸೈಕಲ್ಲೂ ಸುಮಾರು ಅದೇ ಹೊತ್ತಿನದು.

ಅಜ್ಜನಸೈಕಲ್:

1958! ಅಜ್ಜ ಕೆಲಸಕ್ಕೆ ಸೇರಿದ ವರ್ಷ. ಅಮ್ಮನಿಗೆ ಹೇಳಿದೆ, ಬಂದು ಹಬ್ ಮುಟ್ಟಿ ನೋಡಿ ಹೋದರು, ಏನೂ ಮಾತಾಡಲಿಲ್ಲ.

ಪಂಡಿತರು ಹೇಳಿದ್ದು ನಿಜ. ಟಾರ್ಚ್ ಹಾಕಿ ನೋಡಿದರೆ ಕಿವಿಯಲ್ಲಿ ಕಚ್ಚು ಇದೆ. ಅದರೊಳಗೆ ಮೊಳೆಯ ಮುರಿದ ತುಂಡು ಹೊಳೆಯುತ್ತಾ ಕೂತಿದೆ. ಬೇರೆಲ್ಲ ಕಂದು ತುಕ್ಕು, ಅದೊಂದು ಚೂರು ಮಾತ್ರ ಬೆಳ್ಳಗೆ, ಈಗ ತಾನೇ ಮುರಿದದ್ದು ಅಂತ ನನ್ನನ್ನೇ ನೋಡಿ ನಗುವ ಹಾಗೆ.

ವರ್ನಿಯರಿನಲ್ಲಿ ಅಳೆದೆ, 13.2 ಬಂತು. ಸವೆದಿರಬಹುದು. ರಿಂಗ್ ಸ್ಪ್ಯಾನರ್ ತೀಡುತ್ತಿದ್ದೇನೆ. ಎಣ್ಣೆ ಹಾಕುವುದು ಶುರು ಮಾಡಿದೆ.

ಒಂದು ಪ್ರಶ್ನೆ. ಗೊತ್ತಿದ್ದವರೊಬ್ಬರು ಅಸಿಟೋನ್ ಜೊತೆಗೆ ಕಾರಿನ ಗೇರ್ ಆಯಿಲ್ ಬೆರೆಸಿ ಹಾಕು, ಆಮೇಲೆ ಬ್ಲೋ ಟಾರ್ಚ್ ಹಿಡಿ ಅಂದರು. ಮಾಡಬಹುದಾ?

ಬೆಂಕಿಕೆಲಸ:

ಎರಡನ್ನೂ ಒಟ್ಟಿಗೆ ಮಾಡಬೇಡಿ!! ಅಸಿಟೋನ್ ಆವಿಗೆ ಕಿಡಿ ಸಾಕು, ಟಾರ್ಚೇ ಬೇಕಾಗಿಲ್ಲ. ನಾನು ವೆಲ್ಡಿಂಗ್ ಕೆಲಸದವನು, ಬೆಂಕಿಗೆ ಹೆದರುವವನಲ್ಲ, ಆದರೂ ಹೇಳುತ್ತಿದ್ದೇನೆ.

ಆ ಮಿಶ್ರಣ ಕೆಲಸ ಮಾಡುತ್ತದೆ. ಗೇರ್ ಆಯಿಲ್ ಅಲ್ಲ, ಆಟೋಮ್ಯಾಟಿಕ್ ಗೇರಿನ ಕಾರಿಗೆ ಹಾಕುವ ತೆಳ್ಳನೆಯ ಕೆಂಪು ಎಣ್ಣೆ. ಅರ್ಧ ಅದು, ಅರ್ಧ ಅಸಿಟೋನ್. ಎರಡೂ ಬೆರೆತು ನಿಲ್ಲುವುದಿಲ್ಲ, ಪ್ರತಿ ಸಲ ಕುಲುಕಬೇಕು. ಆದರೆ ನಿಮ್ಮ ಸೈಕಲ್‌ಗೆ ಬೇಡ. ಅಸಿಟೋನ್ ಹಳೇ ಪೇಂಟನ್ನು ಸಿಪ್ಪೆ ಸುಲಿದ ಹಾಗೆ ಎಬ್ಬಿಸುತ್ತದೆ, ಚಿನ್ನದ ಗೆರೆ ಒರೆಸಿದ ಬಟ್ಟೆಗೇ ಬಂದುಬಿಡುತ್ತದೆ. ಪೇಂಟ್ ಉಳಿಯಬೇಕು ಅಂದರೆ ಅಂಗಡಿಯ ಪೆನೆಟ್ರೇಟಿಂಗ್ ಆಯಿಲ್ಲೇ ಇರಲಿ, ಅದನ್ನೂ ಸುತ್ತ ಚೆಲ್ಲದ ಹಾಗೆ ಹನಿ ಹನಿಯಾಗಿ, ಚೆಲ್ಲಿದರೆ ಕೂಡಲೇ ಒರೆಸಿ.

ಟಾರ್ಚ್ ಹಿಡಿದರೆ ಬೋಲ್ಟ್ ಬಿಸಿಯಾಗುವ ಮೊದಲೇ ಸುತ್ತಲಿನ ಪೇಂಟ್ ಗುಳ್ಳೆ ಏಳುತ್ತದೆ. ನಾನು ಒಂದು ಸಲ ಗೆಳೆಯನ ಸೈಕಲ್‌ಗೆ ಒದ್ದೆ ಬಟ್ಟೆ ಸುತ್ತಿ ಟಾರ್ಚ್ ಹಿಡಿದೆ, ಬಟ್ಟೆಯ ಕೆಳಗಿನದು ಉಳಿಯಿತು, ಬಟ್ಟೆಯ ಅಂಚಿನಲ್ಲಿ ಒಂದು ಬೆರಳಗಲ ಕಂದು ಪಟ್ಟಿ ಬಂತು. ಇವತ್ತಿಗೂ ಅವನು ಆ ಪಟ್ಟಿ ತೋರಿಸಿ ನನ್ನನ್ನು ಪರಿಚಯ ಮಾಡಿಸುತ್ತಾನೆ.

ಇನ್ನೊಂದು ಮಾತು, ಇಲ್ಲಿ ಓದುವ ಬೇರೆಯವರಿಗೂ. ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಬೆಂಕಿ ಹಿಡಿಯಬೇಡಿ. ಕ್ಲೋರಿನ್ ಇರುವ ಕ್ಲೀನರ್ ಬಿಸಿಗೆ ಫಾಸ್ಜೀನ್ ಅನ್ನುವ ವಿಷದ ಗಾಳಿಯಾಗುತ್ತದೆ. ಒಂದು ಬೋಲ್ಟಿಗೆ ಅಷ್ಟೊಂದು ಬೆಲೆ ಕೊಡಬಾರದು.

ಪಾನಾಪಂಡಿತ:

ಬಿಸಿ ಬೇಕು ಅಂದರೆ ಸಾಲ್ಡರಿಂಗ್ ಐರನ್ ಇದೆಯಾ ನೋಡಿ. ರೇಡಿಯೋ ರಿಪೇರಿಯ ಸಣ್ಣದಲ್ಲ, 60 ವ್ಯಾಟಿಗಿಂತ ದೊಡ್ಡದು. ಬೋಲ್ಟಿನ ಥ್ರೆಡ್ ತುದಿ ನಟ್ಟಿನಿಂದ ಹೊರಗೆ ಬಂದಿರುತ್ತದಲ್ಲ, ಅದಕ್ಕೆ ಐರನ್ ಮೂತಿ ಒತ್ತಿ ಹತ್ತು ಹದಿನೈದು ನಿಮಿಷ ಹಿಡಿಯಿರಿ. ಎಣ್ಣೆ ಒರೆಸಿ ಹಿಡಿಯಿರಿ, ಹೊಗೆ ಬಂದರೆ ಕಿಟಕಿ ತೆಗೆಯಿರಿ. ಜ್ವಾಲೆ ಇಲ್ಲ, ಪೇಂಟಿಗೆ ತಾಗಲ್ಲ, ಬಿಸಿ ಬೋಲ್ಟಿನೊಳಗೇ ಓಡುತ್ತದೆ.

ಎಷ್ಟು ಹಿಗ್ಗುತ್ತದೆ ಅಂತ ಲೆಕ್ಕ ಹಾಕಿದರೆ ನಗು ಬರುತ್ತದೆ. ಉಕ್ಕು 100 ಡಿಗ್ರಿ ಬಿಸಿಯಾದರೆ 8 ಮಿಲಿಮೀಟರ್ ದಪ್ಪದ ಬೋಲ್ಟ್ ಹಿಗ್ಗುವುದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲು. ಆದರೆ ತುಕ್ಕಿಗೆ ಬಾಗುವುದು ಗೊತ್ತಿಲ್ಲ, ಅಷ್ಟಕ್ಕೇ ಪುಡಿಯಾಗುತ್ತದೆ. ಆರಿದ ಮೇಲೆ ಬೋಲ್ಟ್ ಕುಗ್ಗುತ್ತದೆ, ಪುಡಿಯಾದ ಜಾಗ ಬಿಟ್ಟುಕೊಳ್ಳುತ್ತದೆ. ಪೂರ್ತಿ ಆರುವ ಮೊದಲು, ಮುಟ್ಟಿದರೆ ಬಿಸಿ ಅನ್ನುವ ಹಂತದಲ್ಲಿ ಒಂದು ಮೇಣದಬತ್ತಿಯನ್ನು ನಟ್ಟಿನ ಅಂಚಿಗೆ ತಾಗಿಸಿ. ಕರಗಿ ಒಳಗೆ ಎಳೆದುಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಬಿಸಿ ಮಾಡೋದು, ಆರಿಸೋದು, ಮೂರು ನಾಲ್ಕು ಸಲ.

ಆಮೇಲೆ ಸ್ಪ್ಯಾನರ್ ಬಡಿದು ಕೂರಿಸಿ, ಮೊದಲು ಬಿಗಿ ಮಾಡುವ ಕಡೆಗೆ ಒಂದು ಚೂರು ಒತ್ತಿ. ಹೌದು, ಬಿಗಿ ಮಾಡುವ ಕಡೆಗೇ. ಅಂಟು ಒಡೆಯಬೇಕು ಅಷ್ಟೆ, ಯಾವ ಕಡೆಗೆ ಒಡೆದರೂ ಒಂದೇ. ಆಮೇಲೆ ಬಿಚ್ಚುವ ಕಡೆಗೆ. ಒಂದೇ ಸಲ ಉಸಿರು ಬಿಗಿಹಿಡಿದು ಎಳೆಯೋದಲ್ಲ. ಸ್ಪ್ಯಾನರ್ ಹಿಡಿಯ ತುದಿಗೆ ಅಂಗೈಯಿಂದ ಸಣ್ಣ ಸಣ್ಣ ಏಟು.

ಮೊಳೆ ಮುರಿದಿರುವುದರಿಂದ ನಟ್ಟಿನ ಜೊತೆ ಬೋಲ್ಟೂ ಸುತ್ತಬಹುದು. ಹಾಗಾದರೆ ಆ ದುಂಡು ತಲೆಯ ಎದುರುಬದುರಿಗೆ ಅರದಲ್ಲಿ ಎರಡು ಚಪ್ಪಟೆ ಮೈ ತೀಡಿ, ಅಲ್ಲಿ ಸ್ಪ್ಯಾನರ್ ಹಾಕಿ ಒತ್ತಿ ಹಿಡಿಯಬಹುದು. ಹೇಗಿದ್ದರೂ ಆ ಬೋಲ್ಟ್ ಇನ್ನು ಉಪಯೋಗಕ್ಕೆ ಬರಲ್ಲ, ತಲೆಯ ಚೆಂದ ನೋಡಬೇಡಿ.

ಅಜ್ಜನಸೈಕಲ್:

ಆರು ದಿನ ಆಯಿತು. ಒಂದು ಒಳ್ಳೆಯದು, ಒಂದು ಕೆಟ್ಟದ್ದು.

ಒಳ್ಳೆಯದು: ನಟ್ಟು ಬಂತು! ನಾಲ್ಕನೇ ಸಲ ಬಿಸಿ ಮಾಡಿ, ಮೇಣ ಇಳಿಸಿ, ಬಿಗಿ ಮಾಡುವ ಕಡೆಗೆ ಒತ್ತಿದೆ. ಕೀಚ್ ಅಂತ ಒಂದು ಸದ್ದು, ಹಳೇ ಬಾಗಿಲಿನ ಕೀಲಿನ ಹಾಗೆ. ಈ ಸಲ ‘ಟಿಕ್’ ಅಲ್ಲ. ಕಾಲು ಸುತ್ತು ಬಂದಮೇಲೆ ಹೇಳಿದ ಹಾಗೇ ಬೋಲ್ಟೂ ಜೊತೆಗೆ ಸುತ್ತಲು ಶುರು ಮಾಡಿತು, ತಲೆಗೆ ಚಪ್ಪಟೆ ತೀಡಿ ಹಿಡಿದುಕೊಂಡೆ. ಮಧ್ಯೆ ಮಧ್ಯೆ ಮತ್ತೆ ಬಿಗಿಯಾಯಿತು, ಅರ್ಧ ಸುತ್ತು ಹಿಂದೆ, ಎರಡು ಹನಿ ಎಣ್ಣೆ, ಮತ್ತೆ ಮುಂದೆ. ನಟ್ಟು ಕೈಗೆ ಬಂದಾಗ ಒಳಗೆ ಕಪ್ಪು ಕೆಸರಿನ ಹಾಗೆ ತುಕ್ಕು, ಅದರೊಳಗೆ ಥ್ರೆಡ್ ಚೆನ್ನಾಗಿಯೇ ಇದೆ.

ಕೆಟ್ಟದ್ದು: ಬೋಲ್ಟ್ ಮಾತ್ರ ತೂತಿನಿಂದ ಹೊರಗೆ ಬರುತ್ತಿಲ್ಲ. ಮೊದಲು ಸ್ವಲ್ಪ ಸುತ್ತುತ್ತಿತ್ತು, ಈಗ ಅದೂ ಇಲ್ಲ. ಥ್ರೆಡ್ ತುದಿಗೆ ಸುತ್ತಿಗೆಯಲ್ಲಿ ಹೊಡೆದೆ. ತುದಿ ಅಣಬೆಯ ಹಾಗೆ ಅರಳಿಬಿಟ್ಟಿತು. ಈಗ ಆ ತುದಿಯೇ ತೂತಿನೊಳಗೆ ಹೋಗಲ್ಲ.

ಇಂಚುಮಿಲಿಮೀಟರ್:

ಅಯ್ಯೋ. ನಟ್ಟನ್ನು ಪೂರ್ತಿ ತೆಗೆಯದೆ, ಬೋಲ್ಟಿನ ತುದಿಗೆ ಸಮ ಬರುವ ಹಾಗೆ ಬಿಟ್ಟು, ಅದರ ಮೇಲೆ ಹೊಡೆಯಬೇಕಿತ್ತು. ನಟ್ಟು ಥ್ರೆಡ್ಡನ್ನು ಸುತ್ತ ಹಿಡಿದುಕೊಂಡಿರುತ್ತದೆ, ಅರಳಲು ಬಿಡುವುದಿಲ್ಲ. ಮುಂದಿನ ಸಲಕ್ಕೆ ನೆನಪಿರಲಿ. ಅರಳಿದ್ದನ್ನು ಅರದಲ್ಲಿ ಸುತ್ತ ತೀಡಿ ಮೊದಲಿನ ದಪ್ಪಕ್ಕೆ ತರಬಹುದು.

ಇನ್ನು ಹೊಡೆಯಬೇಡಿ. ಎದುರು ಕಿವಿಗೆ ಆಸರೆ ಇಲ್ಲದೆ ಹೊಡೆದರೆ ಕಿವಿ ಬಾಗುತ್ತದೆ, ಹಿಂದಿನ ಸಣ್ಣ ಪೈಪಿನ ತುದಿಯೂ ಬಾಗುತ್ತದೆ.

ಕತ್ತರಿಸಿಬಿಡಿ:

ಕತ್ತರಿಸಿ ಅಂತ ನಾನು ಮೊದಲನೇ ದಿನವೇ ಹೇಳಿದ್ದೆ 😀

ಪಾನಾಪಂಡಿತ:

ಹೇಳಿದ್ದಿರಿ, ಒಪ್ಪಿಕೊಂಡೆ. ಈಗ ಕತ್ತರಿಸಬೇಕು. ಆದರೆ ಗ್ರೈಂಡರಿನಲ್ಲಿ ಅಲ್ಲ, ಹೊರಗಡೆಯಿಂದಲೂ ಅಲ್ಲ.

ಎರಡು ಕಿವಿಗಳ ನಡುವಿನ ಸೀಳಿನಲ್ಲಿ ಬೋಲ್ಟಿನ ಮೈ ಕಾಣುತ್ತದೆ. ಅಲ್ಲಿ ಬರೀ ಹ್ಯಾಕ್ಸಾ ಬ್ಲೇಡ್ ತೂರಿಸಿ ಕೊಯ್ಯಬೇಕು. ಹ್ಯಾಕ್ಸಾದ ಫ್ರೇಮ್ ಬೇಡ, ಬ್ಲೇಡ್ ಮಾತ್ರ. ಇಂಚಿಗೆ 32 ಹಲ್ಲಿನದು ತನ್ನಿ, ದಪ್ಪ ಹಲ್ಲಿನದು ಇಷ್ಟು ಸಣ್ಣ ಬೋಲ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಹಿಡಿಯುವ ಕಡೆ ದಪ್ಪ ಬಟ್ಟೆ ಸುತ್ತಿ. ಬ್ಲೇಡನ್ನು ನೆಟ್ಟಗೆ ನಿಲ್ಲಿಸಿ, ಹಲ್ಲು ಸೀಟ್ ಪೈಪಿನ ಕಡೆಗೆ ಇರಬೇಕು, ಸೈಕಲ್‌ನ ಹಿಂದೆ ಕೂತು ಮೇಲೆ ಕೆಳಗೆ ಆಡಿಸಬೇಕು. ಹಲ್ಲಿನ ದಿಕ್ಕು ನೋಡಿಕೊಳ್ಳಿ, ನಿಮ್ಮ ಕೈ ಇರುವ ಕಡೆಗೆ ಎಳೆದಾಗ ಕೊಯ್ಯುವ ಹಾಗೆ ಇರಲಿ. ತಳ್ಳುವಾಗ ಕೊಯ್ಯುವ ಹಾಗೆ ಹಿಡಿದರೆ ಬರೀ ಬ್ಲೇಡ್ ಬಳುಕಿ ಮುರಿಯುತ್ತದೆ.

ಸೀಳು ತುಂಬಾ ಕಿರಿದಾಗಿದ್ದರೆ, ವರ್ಷಗಟ್ಟಲೆ ಬಿಗಿ ಮಾಡಿ ಮಾಡಿ ಕೆಲವು ಹಾಗಾಗಿರುತ್ತವೆ, ನಟ್ಟು ಈಗ ಇಲ್ಲವಲ್ಲ, ದಪ್ಪ ಸ್ಕ್ರೂಡ್ರೈವರ್ ತುದಿ ತೂರಿಸಿ ನಿಧಾನವಾಗಿ ತಿರುವಿ ಒಂದು ಬ್ಲೇಡಿನಷ್ಟು ಜಾಗ ಮಾಡಿಕೊಳ್ಳಿ. ಅದಕ್ಕಿಂತ ಜಾಸ್ತಿ ಬೇಡ.

ಬೋಲ್ಟಿಗೂ ಸೀಟ್ ಪೈಪಿಗೂ ನಡುವೆ ಡಬ್ಬದ ತಗಡಿನ ಒಂದು ಪಟ್ಟಿ ಸಿಕ್ಕಿಸಿ. ಬೋಲ್ಟ್ ತುಂಡಾದ ಕ್ಷಣ ಬ್ಲೇಡ್ ಮುಂದಕ್ಕೆ ನುಗ್ಗುತ್ತದೆ, ಆ ಏಟು ತಗಡಿಗೆ ಬೀಳಲಿ.

ಇಷ್ಟು ಕಷ್ಟಪಟ್ಟು ಯಾಕೆ ಕೊಯ್ಯಬೇಕು ಅಂದರೆ, ಈಗ ಬೋಲ್ಟನ್ನು ಎರಡು ಕಿವಿಗಳು ಒಟ್ಟಿಗೆ ಹಿಡಿದಿವೆ. ತುಂಡಾದ ಮೇಲೆ ಒಂದೊಂದು ತುಂಡನ್ನು ಒಂದೊಂದು ಕಿವಿ ಮಾತ್ರ. ಹೊಡೆಯೋದೇನೂ ಇಲ್ಲ, ತಿರುಚಿ ತಿರುಚಿ ಹೊರಗೆ ಎಳೆಯೋದು. ತಲೆಯ ಕಡೆಗೆ ನೀವು ತೀಡಿದ ಚಪ್ಪಟೆ ಇದೆ, ಇನ್ನೊಂದು ಕಡೆಗೆ ಲಾಕಿಂಗ್ ಪ್ಲೈಯರ್. ಈಗ ಅದನ್ನು ಎಷ್ಟು ಬೇಕಾದರೂ ಬಿಗಿಯಾಗಿ ಕಚ್ಚಿಸಿ.

ಕೊನೆಯದು. ಹಿಂದಿನ ಸಣ್ಣ ಪೈಪುಗಳೂ ಇದೇ ಬೋಲ್ಟಿನಲ್ಲಿ ನಿಂತಿವೆ ಅಂದಿರಿ. ಬೋಲ್ಟ್ ಹೋದರೆ ಅವು ಬಿಟ್ಟುಕೊಳ್ಳುತ್ತವೆ. ಸೈಕಲ್ ಚಕ್ರದ ಮೇಲೆ ನಿಂತಿದ್ದರೆ ಹಿಂಭಾಗ ಕುಸಿಯುತ್ತದೆ. ಮೊದಲೇ ಫ್ರೇಮನ್ನು ಎತ್ತಿ ನಿಲ್ಲಿಸಿ, ಆ ಪೈಪುಗಳನ್ನು ಹಗ್ಗದಲ್ಲಿ ಸೀಟ್ ಪೈಪಿಗೆ ಕಟ್ಟಿಕೊಳ್ಳಿ.

ಅಜ್ಜನಸೈಕಲ್:

ಬಂತು!!

ಎರಡು ಬ್ಲೇಡ್ ಮುರಿದೆ, ಮೂರನೆಯದರಲ್ಲಿ ಆಯಿತು. ಮೊದಲನೆಯದು ಹಲ್ಲು ಉಲ್ಟಾ ಹಿಡಿದಿದ್ದಕ್ಕೆ, ಎರಡನೆಯದು ಅವಸರಕ್ಕೆ. ಸುಮಾರು 40 ನಿಮಿಷ ಕೊಯ್ದೆ. ತಗಡು ಇಟ್ಟಿದ್ದು ಒಳ್ಳೆಯದಾಯಿತು, ಕೊನೆಗೆ ಬ್ಲೇಡ್ ನುಗ್ಗಿ ತಗಡಿನ ಮೇಲೆ ಗೀರು ಬಿದ್ದಿದೆ.

ತಲೆಯ ತುಂಡು ಎರಡು ಸಲ ಎಡಬಲ ತಿರುಚಿದ್ದಕ್ಕೇ ಬಂತು. ನಟ್ಟಿನ ಕಡೆಯದು ಒಂದು ರಾತ್ರಿ ಎಣ್ಣೆ ಕುಡಿಸಿದ ಮೇಲೆ. ಎರಡನ್ನೂ ಕಾಗದದ ಮೇಲೆ ಇಟ್ಟು ನೋಡಿದೆ. ಕಿವಿಯೊಳಗೆ ಇದ್ದ ಭಾಗ ಹೊರಗಿನ ಭಾಗಕ್ಕಿಂತ ದಪ್ಪ! ತುಕ್ಕು ಪದರ ಪದರವಾಗಿ, ಉಗುರಿನಿಂದ ಕೆರೆದರೆ ಚಕ್ಕೆ ಏಳುತ್ತದೆ, ಒಳಗೆ ಬೋಲ್ಟ್ ಸಣಕಲಾಗಿಬಿಟ್ಟಿದೆ. ನೀವು ಉಬ್ಬಿ ಕೂತಿದೆ ಅಂದಾಗ ಸುಮ್ನೆ ಮಾತಿಗೆ ಹೇಳಿದ್ದು ಅಂದುಕೊಂಡಿದ್ದೆ.

ಪೇಂಟ್ ಹಾಗೇ ಇದೆ. ಸ್ಪ್ಯಾನರ್ ಜಾರಿದಾಗ ಬಿದ್ದ ಒಂದು ಗೀರು ಬಿಟ್ಟರೆ.

ಈಗ ಎರಡು ಪ್ರಶ್ನೆ. ಹೊಸ ಬೋಲ್ಟ್ ಯಾವುದು ಹಾಕಲಿ? ಮತ್ತೆ, ಹೇಳೋಕೆ ನಾಚಿಕೆ, ಬೋಲ್ಟ್ ಇಲ್ಲದಿದ್ದರೂ ಸೀಟ್ ಪೈಪ್ ಅಲ್ಲಾಡ್ತಾ ಇಲ್ಲ.

ಇಂಚುಮಿಲಿಮೀಟರ್:

ಹಳೇದು ಸಾಮಾನ್ಯವಾಗಿ 5/16 ಇಂಚು, ಇಂಚಿಗೆ 26 ಥ್ರೆಡ್. ಸ್ಪ್ಯಾನರ್ ಮೇಲೆ ಕಾಲು ಇಂಚು ಅಂತ ಇದ್ದರೂ ಈ ಸೈಕಲ್ ಬೋಲ್ಟ್ ಅದಕ್ಕಿಂತ ಸ್ವಲ್ಪ ದಪ್ಪ. ಹಳೇ ಸೈಕಲ್ ಬಿಡಿಭಾಗ ಇಟ್ಟುಕೊಳ್ಳುವವರ ಹತ್ತಿರ ಮೊಳೆ ಇರುವ ಬೋಲ್ಟೇ ಸಿಗಬಹುದು, ನಿಮ್ಮ ಅಜ್ಜನ ಸೈಕಲ್‌ಗೆ ಅದೇ ಚೆಂದ. ಸಿಗುವವರೆಗೆ 8 ಮಿಲಿಮೀಟರಿನ ಬೋಲ್ಟ್ ಹಾಕಿ ಓಡಿಸಬಹುದು, 5/16 ಅಂದರೆ 7.94 ಮಿಲಿಮೀಟರ್, ಹೆಚ್ಚು ಕಮ್ಮಿ ಅದೇ. ತಲೆಯ ಮೇಲೆ 8.8 ಅಂತ ಬರೆದಿರುವ ಗಟ್ಟಿ ಬೋಲ್ಟ್ ತಗೊಳ್ಳಿ, ನಟ್ಟೂ ಅದರದ್ದೇ ಇರಲಿ. ಹಳೇ ನಟ್ಟನ್ನು ಹೊಸ ಬೋಲ್ಟಿಗೆ ಹಾಕಲು ಹೋಗಬೇಡಿ, ಎರಡು ಸುತ್ತು ಹೋಗಿ ಮತ್ತೆ ಜಾಮ್ ಆಗುತ್ತದೆ, ಆಮೇಲೆ ಮತ್ತೆ ಇಲ್ಲಿಗೇ ಬರುತ್ತೀರಿ. ಕಿವಿಯ ತೂತನ್ನು ಮರಳು ಕಾಗದ ಸುತ್ತಿದ ಕಡ್ಡಿಯಲ್ಲಿ ಉಜ್ಜಿ, ಬೋಲ್ಟಿನ ಮೈಗೆಲ್ಲ ಗ್ರೀಸ್ ಬಳಿದು ಹಾಕಿ. ಬರೀ ಥ್ರೆಡ್ಡಿಗಲ್ಲ, ಮೈಗೆ.

ಪಾನಾಪಂಡಿತ:

ಸೀಟ್ ಪೈಪ್ ವಿಷಯಕ್ಕೆ ನಾಚಿಕೆ ಏನೂ ಬೇಡ, ಬೋಲ್ಟ್ ಅಷ್ಟು ಹಿಡಿದಿದ್ದರೆ ಪೈಪ್ ಹಿಡಿಯದೆ ಇರುತ್ತಾ. ಎರಡೂ ಉಕ್ಕೇ ಆಗಿರುವುದು ನಿಮ್ಮ ಅದೃಷ್ಟ. ಅಲ್ಯೂಮಿನಿಯಂ ಪೈಪ್ ಉಕ್ಕಿನೊಳಗೆ ಹಿಡಿದಿದ್ದರೆ ಬೇರೆಯೇ ಕಥೆ.

ಅದೇ ಎಣ್ಣೆ, ಅದೇ ಐದಾರು ದಿನ. ಈಗ ಸೀಳು ಖಾಲಿ ಇದೆ, ಅಲ್ಲಿಂದ ನೇರವಾಗಿ ಒಳಗೆ ಇಳಿಯುತ್ತದೆ. ಆಮೇಲೆ ಮೇಲಕ್ಕೆ ಎಳೆಯಬೇಡಿ, ತಿರುಗಿಸಿ. ಸೀಟ್ ಬಿಚ್ಚಿ, ಪೈಪಿನ ಮೇಲ್ತುದಿಯನ್ನು ಮೇಜಿಗೆ ಕೂರಿಸಿದ ವೈಸಿನಲ್ಲಿ ಬಿಗಿಯಾಗಿ ಹಿಡಿಸಿ, ಸೈಕಲ್ ತಲೆಕೆಳಗೆ. ಚಕ್ರಗಳು ತೆಗೆದಿರಲಿ. ಈಗ ಫ್ರೇಮೇ ನಿಮ್ಮ ಸ್ಪ್ಯಾನರ್ ಹಿಡಿ, ಅಷ್ಟು ಉದ್ದದ ಹಿಡಿ ಯಾವ ಅಂಗಡಿಯಲ್ಲೂ ಸಿಗಲ್ಲ. ಹ್ಯಾಂಡಲ್ ಕಡೆ ಒಂದು ಕೈ, ಹಿಂಭಾಗದ ಕಡೆ ಒಂದು ಕೈ, ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ. ಹಿಂದಿನ ಸಣ್ಣ ಪೈಪುಗಳ ತುದಿ ಬಿಚ್ಚಿಕೊಂಡಿದೆ ಅನ್ನುವುದು ನೆನಪಿರಲಿ, ತಾತ್ಕಾಲಿಕವಾಗಿ ಯಾವುದಾದರೂ ಬೋಲ್ಟ್ ಸಡಿಲವಾಗಿ ಹಾಕಿಕೊಳ್ಳಿ, ಇಲ್ಲದಿದ್ದರೆ ಆ ಭಾಗವೆಲ್ಲ ಸೊಟ್ಟಗಾಗುತ್ತದೆ. ಮೇಲ್ತುದಿ ವೈಸಿನಲ್ಲಿ ನಜ್ಜುಗುಜ್ಜಾಗುತ್ತದೆ, ಸೀಟ್ ಪೈಪ್ ಹೊಸದು ಹಾಕಬೇಕಾಗಬಹುದು. ಅದಕ್ಕೆ ಹಳೆಯದರ ದಪ್ಪ ಈಗಲೇ ವರ್ನಿಯರಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ, ತುಕ್ಕಿಲ್ಲದ ಜಾಗದಲ್ಲಿ.

ಅಜ್ಜನಸೈಕಲ್:

ವೈಸ್ ನನ್ನ ಹತ್ತಿರ ಇಲ್ಲ, ಬೆಂಕಿಕೆಲಸದವರ ಥರ ಯಾರಾದರೂ ವೆಲ್ಡಿಂಗ್ ಮಾಡುವವರ ಹತ್ತಿರ ಒಯ್ಯಬೇಕು. ಪೈಪ್ ಅಳೆದೆ, 25.4 ಬಂತು. ಇವತ್ತು ರಾತ್ರಿಯಿಂದ ಎಣ್ಣೆ ಶುರು.

ಬೆಂಕಿಕೆಲಸ:

ಒಯ್ಯಿರಿ. ಆದರೆ ಟಾರ್ಚ್ ಹಚ್ಚಲು ಬಿಡಬೇಡಿ, ಎಷ್ಟೇ ಒಳ್ಳೆಯವರಾಗಿದ್ದರೂ ನಮಗೆ ಕೈ ತಡೆಯಲ್ಲ.